ದ್ವೀಪದ ಅಡುಗೆಮನೆ ಮತ್ತು ಬರೆಯದ ಖರ್ಚು

ಪ್ರವಾಸ ಹೋದ ಊರಿನಲ್ಲಿ ಹೋಟೆಲ್ ಕೋಣೆಯ ಬದಲು ಅಡುಗೆಮನೆ ಇರುವ ಮನೆಯೊಂದನ್ನು ನಾಲ್ಕೈದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಮನೆಯವರೇ ಬೇಯಿಸಿಕೊಂಡು ಉಣ್ಣುವುದು ಸ್ವಯಂಪಾಕದ ಪ್ರವಾಸ. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಇಂಥ ಮನೆಗೆ ಕಾಂಡೋ ಎನ್ನುತ್ತಾರೆ. ಕಟ್ಟಡ ಒಂದು, ಒಡೆಯರು ಹಲವರು, ಒಡೆಯರಿಲ್ಲದ ದಿನಗಳಲ್ಲಿ ಪ್ರವಾಸಿಗಳಿಗೆ ಬಾಡಿಗೆ. ಅಂಡಮಾನಿನಲ್ಲಿ ಅದೇ ವ್ಯವಸ್ಥೆ ಸರ್ವೀಸ್ ಅಪಾರ್ಟ್‌ಮೆಂಟ್ ಅಥವಾ ಹೋಮ್‌ಸ್ಟೇ ಎಂಬ ಹೆಸರಿನಲ್ಲಿ ಸಿಗುತ್ತದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ಒಣನಾಡಿನ ಊರಿಗೆ ಸಮುದ್ರ ದೂರವಾದರೂ ದ್ವೀಪಯಾತ್ರೆ ಅಪರಿಚಿತವಲ್ಲ. ರಾಮೇಶ್ವರವೇ ಒಂದು ದ್ವೀಪ. 1914ರಲ್ಲಿ ಪಂಬನ್ ರೈಲುಸೇತುವೆ, 1988ರಲ್ಲಿ ಅದರ ಪಕ್ಕದ ರಸ್ತೆಸೇತುವೆ ಸಂಚಾರಕ್ಕೆ ತೆರೆದ ಮೇಲೆ ಅಲ್ಲಿಗೆ ಹೋಗುವವರಿಗೆ ದ್ವೀಪಕ್ಕೆ ಬಂದೆವೆಂಬ ಅರಿವೂ ಅಷ್ಟಾಗಿ ಇರುವುದಿಲ್ಲ. ಅಕ್ಕಿ, ಬೇಳೆ, ಹುಣಸೆಹಣ್ಣು, ಪಾತ್ರೆ ಕಟ್ಟಿಕೊಂಡು ಹೋಗಿ ಛತ್ರದಲ್ಲಿ ಒಲೆ ಹೂಡುವುದು ಯಾತ್ರೆಯ ಹಳೆಯ ಕ್ರಮ. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ, ಅಂದರೆ 2024ರಿಂದ ಶ್ರೀ ವಿಜಯ ಪುರಂ ಎನಿಸಿಕೊಂಡಿರುವ ಊರಿಗೆ, ನೇರ ವಿಮಾನ ಸಿಗುವ ಈ ಕಾಲದಲ್ಲಿ ಅದೇ ಕ್ರಮ ಅಂಡಮಾನಿಗೂ ಹೊರಟಿದೆ. ಅದರ ಜೊತೆಗೆ ಒಂದು ನಂಬಿಕೆಯೂ ಹೊರಟಿದೆ: ಅಡುಗೆಮನೆ ಇರುವ ಮನೆ ಹಿಡಿದರೆ ಪ್ರವಾಸ ಅಗ್ಗ.

ಈ ನಂಬಿಕೆ ಬರಿಯ ಜಿಪುಣತನದ ಮಾತಲ್ಲ. ಅದನ್ನು ಹೇಳುವವರು ಹೇಳುವ ಹಾಗೆಯೇ ಇಟ್ಟುನೋಡಬೇಕು. ಆರು ಮಂದಿಯ ಕುಟುಂಬ ಎರಡು ಹೊತ್ತು ಹೋಟೆಲಿನಲ್ಲಿ ಕೂತರೆ ಬಿಲ್ಲು ಸಾವಿರ ದಾಟುವುದು ಎಲ್ಲರಿಗೂ ಗೊತ್ತು. ಅದೇ ಸಾವಿರಕ್ಕೆ ಮನೆಯಲ್ಲಿ ಎರಡು ದಿನದ ಸಾಮಾನು ಬರುತ್ತದೆ. ಸಕ್ಕರೆ ಕಾಯಿಲೆಯ ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಮಗುವಿಗೆ ಖಾರವಿಲ್ಲದ ಅನ್ನ ಬೇಕು, ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಮೂರನೇ ದಿನದ ಮೈದಾ ಪರೋಟ ಒಗ್ಗುವುದಿಲ್ಲ. ಒಂದೇ ಸೂರಿನಡಿ ಎಲ್ಲರೂ ಇದ್ದರೆ ಎರಡು ಬಾಗಿಲುಗಳ ನಡುವೆ ಓಡಾಡುವ ಕಷ್ಟವಿಲ್ಲ. ಹೀಗಾಗಿ ಹಣ ಉಳಿಯುತ್ತದೆ, ಆರೋಗ್ಯ ಉಳಿಯುತ್ತದೆ, ಎಲ್ಲರಿಗೂ ಬಿಡುವು ಸಿಗುತ್ತದೆ ಎಂಬುದು ಪ್ರತಿಪಾದನೆ. ಬಿಡಿಬಿಡಿಯಾಗಿ ನೋಡಿದರೆ ಈ ಮೂರರಲ್ಲೂ ಸತ್ಯಾಂಶ ಉಂಟು. ಗೊಂದಲ ಇರುವುದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ. ಹಣ ಉಳಿಯಬೇಕಾದರೆ ಮೂರು ಹೊತ್ತೂ ಒಲೆ ಉರಿಯಬೇಕು. ಒಲೆ ಮೂರು ಹೊತ್ತು ಉರಿದರೆ ಒಲೆಯ ಮುಂದೆ ನಿಂತವರಿಗೆ ಬಿಡುವಿಲ್ಲ. ಒಲೆ ಆಗೊಮ್ಮೆ ಈಗೊಮ್ಮೆ ಮಾತ್ರ ಉರಿದರೆ ಬಿಡುವು ಉಂಟು, ಉಳಿತಾಯವಿಲ್ಲ. ಮೂರು ಪ್ರಯೋಜನಗಳೂ ಒಟ್ಟಿಗೆ ಸಿಗಬಹುದು, ಆದರೆ ಒಬ್ಬರಿಗೇ ಸಿಗುವುದಿಲ್ಲ. ಅವು ಯಾರ ಪಾಲಿಗೆ ಹೇಗೆ ಹಂಚಿಹೋಗುತ್ತವೆ ಎಂಬ ಪ್ರಶ್ನೆಯನ್ನು ‘ಕುಟುಂಬಕ್ಕೆ ಲಾಭ’ ಎಂಬ ಮಾತು ಮುಚ್ಚಿಡುತ್ತದೆ.

ಮೊದಲು ಹಣ. ಹೋಟೆಲಿನ ಒಂದು ಊಟದ ಬೆಲೆಯಲ್ಲಿ ದಿನಸಿ, ಅಡುಗೆಯವರ ಸಂಬಳ, ಕಟ್ಟಡದ ಬಾಡಿಗೆ, ಮಾಲೀಕನ ಲಾಭ ಎಲ್ಲವೂ ಸೇರಿರುತ್ತವೆ. ಸ್ವಯಂಪಾಕದಲ್ಲಿ ತಪ್ಪುವುದು ದಿನಸಿ ಬಿಟ್ಟು ಉಳಿದ ಭಾಗ ಮಾತ್ರ. ದಿನಸಿಯೇ ತುಟ್ಟಿಯಾದ ಕಡೆ ಈ ಲಾಭ ಕಿರಿದಾಗುತ್ತದೆ, ದ್ವೀಪಗಳಲ್ಲಿ ದಿನಸಿ ತುಟ್ಟಿ. ಅಂಡಮಾನಿನಲ್ಲಿ ತೆಂಗು, ಅಡಿಕೆ, ಬಾಳೆ, ಒಂದಷ್ಟು ತರಕಾರಿ ಬೆಳೆಯುತ್ತವೆ, ಮೀನು ಹೇರಳ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗೆಡ್ಡೆಗಳಲ್ಲಿ ಬಹುಪಾಲು ಮಾತ್ರ ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಹಡಗಿನಲ್ಲಿ ಬರಬೇಕು. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕಿಗೆ, ಅಂದರೆ 2018ರಿಂದ ಸ್ವರಾಜ್ ದ್ವೀಪ ಎನ್ನಿಸಿಕೊಂಡಿರುವ ದ್ವೀಪಕ್ಕೆ, ಇನ್ನೊಮ್ಮೆ ದೋಣಿ ಹತ್ತಬೇಕು. ಹೋಟೆಲಿನವನು ಮೂಟೆಗಟ್ಟಲೆ ತರಿಸುತ್ತಾನೆ. ಪ್ರವಾಸಿ ಕುಟುಂಬ ಅರ್ಧ ಲೀಟರ್ ಎಣ್ಣೆ, ಒಂದು ಪ್ಯಾಕೆಟ್ ಉಪ್ಪು, ನೂರು ಗ್ರಾಂ ಸಾಸಿವೆ ಕೊಳ್ಳುತ್ತದೆ. ಹೊರಡುವ ದಿನ ಅದರಲ್ಲಿ ಅರ್ಧಕ್ಕರ್ಧ ಮನೆ ಕಾಯುವವನ ಪಾಲು. ಈ ಉಳಿಕೆಯನ್ನು ಯಾರೂ ಖರ್ಚಿನ ಪಟ್ಟಿಗೆ ಸೇರಿಸುವುದಿಲ್ಲ.

ಊರಿನಿಂದಲೇ ಸಾಮಾನು ಒಯ್ದರಾಯಿತು ಎಂಬುದು ಇದಕ್ಕೆ ಸಿದ್ಧ ಉತ್ತರ, ಅದು ತಳ್ಳಿಹಾಕುವ ಉತ್ತರವೂ ಅಲ್ಲ. ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ತಲೆಗೆ 15 ಕಿಲೋ ಸಾಮಾನು ಒಯ್ಯಬಹುದು. ಆರು ಮಂದಿಗೆ ಐದು ದಿನಕ್ಕೆ ತಲೆಗೆ ದಿನಕ್ಕೆ ಕಾಲು ಕಿಲೋ ಅಕ್ಕಿಯಂತೆ ಏಳೂವರೆ ಕಿಲೋ, ರಾಗಿಹಿಟ್ಟು ಮೂರು ಕಿಲೋ, ಬೇಳೆ ಎರಡು ಕಿಲೋ, ಸಾಂಬಾರುಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಕಡಲೆಕಾಯಿ ಬೀಜ ಎಂದು ಲೆಕ್ಕ ಹಾಕಿದರೆ ಒಬ್ಬರ ಪಾಲಿನ ತೂಕದಲ್ಲಿ ಎಲ್ಲವೂ ಮುಗಿಯುತ್ತದೆ. ತೊಡಕು ಬರುವುದು ತೂಕದಲ್ಲಲ್ಲ. ಕೊಬ್ಬರಿಗೆ ಹೆಸರಾದ ತಿಪಟೂರೂ ಪಾವಗಡವೂ ಇರುವ ಜಿಲ್ಲೆಯವರು ಕೊಬ್ಬರಿಯಿಲ್ಲದೆ ಅಡುಗೆಯ ಸಾಮಾನು ಕಟ್ಟುವುದು ಅಪರೂಪ, ಆದರೆ ಒಣಕೊಬ್ಬರಿ ತಾನಾಗಿ ಬಿಸಿಯೇರಬಲ್ಲ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇರುವುದರಿಂದ ವಿಮಾನದ ಚೀಲದಲ್ಲಿ ಅದಕ್ಕೆ ಜಾಗವಿಲ್ಲ. ಬೆಂಕಿಪೊಟ್ಟಣ, ಗ್ಯಾಸ್ ಸಿಲಿಂಡರುಗಳಿಗಂತೂ ಇಲ್ಲವೇ ಇಲ್ಲ.

ಇನ್ನು ಅಲ್ಲಿನ ಒಲೆ. ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಇಂಡಕ್ಷನ್ ಒಲೆ ಇದ್ದರೆ, ಅದರ ಮೇಲೆ ಅಯಸ್ಕಾಂತ ಅಂಟುವ ತಳದ ಪಾತ್ರೆ ಮಾತ್ರ ಕಾಯುತ್ತದೆ. ಊರಿನಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರನ್ನು ಇಟ್ಟರೆ ಒಲೆ ಒಂದೆರಡು ಸಲ ಕೂಗಿ ಆರಿಹೋಗುತ್ತದೆ. ಪಾತ್ರೆ ಸರಿಯಾದದ್ದೇ ಸಿಕ್ಕಿತೆನ್ನಿ, ಮುದ್ದೆ ಮಾಡುವುದು ಹೇಗೆ? ಎಸರು ಕುದಿದು, ಹಿಟ್ಟು ಬಿದ್ದು ಬೆಂದ ಮೇಲೆ ಗಂಟಿಲ್ಲದಂತೆ ತೊಳಸಬೇಕಾದರೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದಲೋ ಬಟ್ಟೆ ಸುತ್ತಿದ ಪಾದಗಳಿಂದಲೋ ಅದು ಅಲುಗದಂತೆ ಅದುಮಿ ಹಿಡಿದು, ಎರಡೂ ಕೈಯಿಂದ ಕೋಲು ತಿರುವಬೇಕು. ಗಾಜಿನ ಒಲೆಯ ಮೇಲೆ ಅದು ಆಗದ ಮಾತು, ನುಣುಪು ಟೈಲ್ಸಿನ ನೆಲದ ಮೇಲೆ ಪಾತ್ರೆ ಜಾರುತ್ತದೆ. ಕೊನೆಗೆ ಮುದ್ದೆ ಬಿಟ್ಟು ಅನ್ನ ಸಾರು, ಮರುದಿನ ಚಿತ್ರಾನ್ನ, ಅದರ ಮರುದಿನ ಉಪ್ಪಿಟ್ಟು. ಮನೆಯೂಟದ ಹೆಸರಿನಲ್ಲಿ ಹೊರಟವರಿಗೆ ಮನೆಯ ಊಟದ ನಡುಭಾಗವೇ ತಪ್ಪುತ್ತದೆ. ಸಣ್ಣ ವಿಷಯವೆನಿಸಬಹುದು. ಆದರೆ ಬಾಡಿಗೆಯ ಅಡುಗೆಮನೆ ‘ಮನೆಯ ಅಡುಗೆಮನೆ’ ಅಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಇವೆಲ್ಲ ಕಳೆದ ಮೇಲೂ ಏನೋ ಒಂದಷ್ಟು ಉಳಿದೇ ಉಳಿಯುತ್ತದೆ. ಎಷ್ಟು ಎಂಬುದನ್ನು ಊಹೆಯ ಅಂಕಿಗಳಿಂದ ನೋಡಬಹುದು. ಇವು ಯಾವುದೇ ಊರಿನ ದರಪಟ್ಟಿಯಲ್ಲ, ತರ್ಕ ತಿಳಿಯಲು ಹಿಡಿದುಕೊಂಡವು. ಆರು ಮಂದಿ, ಐದು ದಿನ. ಹೋಟೆಲಿನ ಕೋಣೆಗಳಿಗೆ ಬೆಳಗಿನ ತಿಂಡಿ ಸೇರಿ ದಿನಕ್ಕೆ 5,500 ರೂಪಾಯಿ, ಎರಡು ಹೊತ್ತಿನ ಊಟ ತಲೆಗೆ 200ರಂತೆ 2,400, ಒಟ್ಟು 7,900. ಅಡುಗೆಮನೆಯಿರುವ ಮನೆಗೆ ದಿನಕ್ಕೆ 6,000, ಮೂರು ಹೊತ್ತಿನ ಸಾಮಾನು 1,300, ಒಟ್ಟು 7,300. ದಿನಕ್ಕೆ ಉಳಿಯುವುದು 600, ಐದು ದಿನಕ್ಕೆ 3,000. ವಿಮಾನಕ್ಕೆ 78,000, ದೋಣಿ, ಕಾರು, ಪ್ರವೇಶಗಳಿಗೆ 24,000 ಎಂದಿಟ್ಟುಕೊಂಡರೆ ಇಡೀ ಪ್ರವಾಸದ ಖರ್ಚಿನಲ್ಲಿ ಈ ಉಳಿತಾಯ ನೂರಕ್ಕೆ ಎರಡರಷ್ಟು. ತಿಂಡಿ ಸೇರಿದ ಬಾಡಿಗೆಯನ್ನೂ ತಿಂಡಿಯಿಲ್ಲದ ಬಾಡಿಗೆಯನ್ನೂ ಹಾಗೆಯೇ ಎದುರುಬದುರು ಇಟ್ಟು ನೋಡುವ ಅಭ್ಯಾಸದಿಂದ ಈ ಅಂತರ ಇನ್ನೂ ದೊಡ್ಡದೆಂದು ತೋರುತ್ತದೆ. ಉಳಿತಾಯವೇ ಇಲ್ಲವೆಂದಲ್ಲ. ಆದರೆ ಅದು ‘ಅಗ್ಗ’ ಎಂಬ ಮಾತಿನ ಭಾರ ಹೊರುವಷ್ಟು ಇಲ್ಲ.

ಈ ಲೆಕ್ಕದಲ್ಲಿ ಬರೆಯದೆ ಬಿಟ್ಟ ಒಂದು ಸಾಲು ಉಂಟು: ಅಡುಗೆ ಮಾಡಿದವರ ಹೊತ್ತು. ಅದಕ್ಕೆ ಸೊನ್ನೆ ಬರೆದುಕೊಂಡದ್ದರಿಂದಲೇ 600 ರೂಪಾಯಿ ಉಳಿಯಿತು. ವೈ.ಎನ್. ಹೊಸಕೋಟೆ ರೇಷ್ಮೆ ಸೀರೆ ನೇಯುವ ಊರು, ಅಲ್ಲಿ ಈ ಸೊನ್ನೆಯ ಪರಿಚಯ ಎಲ್ಲರಿಗೂ ಇರಬೇಕು. ಸೀರೆಗೆ ಕೂಲಿ ಸಿಗುವುದು ಮಗ್ಗದಲ್ಲಿ ಕೂತವನ ಹೆಸರಿಗೆ. ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿಕೊಟ್ಟವರ ಹೊತ್ತು ಆ ಕೂಲಿಯೊಳಗೆ ಎಲ್ಲೋ ಕರಗಿರುತ್ತದೆ, ಯಾರೂ ಅದನ್ನು ಬೇರೆ ಎಣಿಸುವುದಿಲ್ಲ. ಕಂಡಿಕೆ ಸುತ್ತುವವರು ಒಂದು ದಿನ ಇಲ್ಲವಾದರೆ ಕೂಲಿ ಕೊಟ್ಟು ಸುತ್ತಿಸಬೇಕು, ಆಗ ಅದರ ಬೆಲೆ ಎಷ್ಟೆಂದು ತಿಳಿಯುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲಿ ಮನೆಯೊಳಗಿನ ಉತ್ಪಾದನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಒರೆಗಲ್ಲನ್ನು ಕೊಟ್ಟರು. ಒಂದು ಕೆಲಸವನ್ನು ಹಣ ಕೊಟ್ಟು ಮೂರನೆಯವರಿಂದ ಮಾಡಿಸಿಕೊಳ್ಳಬಹುದಾದರೆ ಅದು ದುಡಿಮೆ, ಮಾಡಿಸಿಕೊಳ್ಳಲಾಗದಿದ್ದರೆ ಅದು ಅನುಭವ. ಅಡುಗೆಯನ್ನು ಬೇರೆಯವರಿಂದ ಮಾಡಿಸಬಹುದು. ತಮ್ಮ ಬದಲಿಗೆ ಸಮುದ್ರದಲ್ಲಿ ಕಾಲಾಡಿಸಿ ಬಾ ಎಂದು ಆಳನ್ನು ಕಳಿಸಿ ಏನೂ ಪ್ರಯೋಜನವಿಲ್ಲ. ಪ್ರವಾಸವೆಂದರೆ ಈ ಎರಡನೇ ಬಗೆಯ ಹೊತ್ತನ್ನು ಹಣ ಕೊಟ್ಟು ಕೊಳ್ಳುವುದು. ಸ್ವಯಂಪಾಕದ ಪ್ರವಾಸದಲ್ಲಿ ಆರು ಮಂದಿಗೆ ಆ ಹೊತ್ತನ್ನು ಕೊಂಡು, ಒಬ್ಬರ ಪಾಲನ್ನು ಮೊದಲನೇ ಬಗೆಯ ದುಡಿಮೆಗೆ ತಿರುಗಿಸಲಾಗುತ್ತದೆ. ಆ ಒಬ್ಬರು ಯಾರು ಎಂಬುದೂ ಊಹೆಯ ವಿಷಯವಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ.

ಆ ಹೊತ್ತಿಗೆ ಬೆಲೆ ಕಟ್ಟುವುದು ಹೇಗೆ? ಅಡುಗೆಯವರ ಕೂಲಿಯ ದರದಲ್ಲಿ ಕಟ್ಟಬಹುದು, ಆದರೆ ಪ್ರವಾಸದ ಮಟ್ಟಿಗೆ ಇನ್ನೂ ನೇರವಾದ ದಾರಿಯಿದೆ. ಮೇಲಿನ ಉದಾಹರಣೆಯಲ್ಲಿ ವಿಮಾನ, ದೋಣಿ, ಬಾಡಿಗೆ ಸೇರಿ 1,32,000 ರೂಪಾಯಿ. ಆರು ಮಂದಿಯ ಐದು ದಿನ ಎಂದರೆ ಮೂವತ್ತು ದಿನಗಳು, ಒಬ್ಬರ ಒಂದು ದಿನಕ್ಕೆ 4,400. ಹಗಲು ಹನ್ನೊಂದು ಗಂಟೆ ಎಂದು ಹಿಡಿದರೆ ಒಂದು ಗಂಟೆಗೆ 400 ರೂಪಾಯಿ. ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಪಾತ್ರೆ ತೊಳೆಯುವುದು ಸೇರಿ ಒಬ್ಬರ ಮೂರು ಗಂಟೆ ಹಗಲು ಹೋದರೆ, ಈಗಾಗಲೇ ಕೊಟ್ಟ ಹಣದಲ್ಲಿ 1,200 ರೂಪಾಯಿಯ ಹೊತ್ತು ಅಡುಗೆಮನೆಯಲ್ಲಿ ಕಳೆದಂತೆ. ಉಳಿಸಿದ್ದು 600. ಕೈಜೋಡಿಸಿದವರೊಬ್ಬರು ಇದ್ದರೆ ಅವರ ಹೊತ್ತೂ ಸೇರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ಊರಿನಲ್ಲಿದ್ದರೂ ಅವರು ಅಡುಗೆ ಮಾಡಲೇಬೇಕಿತ್ತಲ್ಲ, ಹೆಚ್ಚಿನ ಹೊರೆ ಎಲ್ಲಿ ಬಂತು ಎಂಬುದು. ಕೇಳಲು ಸರಿಯೆನಿಸುತ್ತದೆ. ಆದರೆ ಇಲ್ಲಿ ಹೋಲಿಸಬೇಕಾದದ್ದು ಊರಿನ ದಿನವನ್ನಲ್ಲ, ಅದೇ ದ್ವೀಪದಲ್ಲಿ ಅಡುಗೆಯಿಲ್ಲದ ದಿನವನ್ನು. ಮಗ್ಗದವನು ಊರಿನಲ್ಲಿದ್ದರೆ ದಿನವೂ ನೇಯುತ್ತಾನೆ, ಶಾಲೆಯ ಮೇಷ್ಟರು ದಿನವೂ ಪಾಠ ಮಾಡುತ್ತಾರೆ. ಅದಕ್ಕಾಗಿ ಅವರು ಮಗ್ಗವನ್ನೂ ಕಪ್ಪುಹಲಗೆಯನ್ನೂ ಅಂಡಮಾನಿಗೆ ಹೊತ್ತು ತರಬೇಕೆಂದು ಯಾರೂ ಹೇಳುವುದಿಲ್ಲ. ಹೇಗೂ ದಿನವೂ ಮಾಡುವ ಕೆಲಸವೆಂಬ ವಾದ ಒಬ್ಬರ ಕೆಲಸಕ್ಕೆ ಮಾತ್ರ ಅನ್ವಯವಾಗುತ್ತಿದೆ ಎಂದರೆ, ಆ ಕೆಲಸವನ್ನು ಕೆಲಸವೆಂದೇ ಎಣಿಸಿಲ್ಲ ಎಂದರ್ಥ. ಅದೂ ಅಲ್ಲದೆ ಊರಿನ ಅಡುಗೆಗೆ ಹಿಂದೆ ಇರುವ ಸವಲತ್ತುಗಳು ಹಲವು: ಕೈಗೆ ಹತ್ತಿರವೇ ಡಬ್ಬಿಗಳು, ರುಬ್ಬಿಟ್ಟ ಹಿಟ್ಟು, ಬೀದಿಯ ಕೊನೆಯ ಅಂಗಡಿ, ಹಾಲಿನವನು. ಬಾಡಿಗೆ ಮನೆಯಲ್ಲಿ ಚಾಕು ಮೊಂಡು, ಈಳಿಗೆಮಣೆ ಇಲ್ಲ, ಮೊಸರಿಗೆ ಆಟೋ ಹಿಡಿಯಬೇಕು. ಅದೇ ಅಡುಗೆಗೆ ಹೊತ್ತು ಹೆಚ್ಚು ಬೇಕು.

ಎರಡನೆಯ ಆಕ್ಷೇಪಕ್ಕೆ ಇನ್ನೂ ಬಲವಿದೆ. ಗಂಟೆಗೆ 400 ರೂಪಾಯಿ ಎಂದು ಎಲ್ಲ ಗಂಟೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಸರಿಯಲ್ಲ. ಈ ಆಕ್ಷೇಪವನ್ನು ಒಪ್ಪಿಕೊಂಡಾಗಲೇ ವಿಷಯ ನಿಚ್ಚಳವಾಗುತ್ತದೆ. ಅಂಡಮಾನ್ ದ್ವೀಪಗಳು ಪಾವಗಡ ಸೀಮೆಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಪ್ರವಾಸಿಗಳು ಹೆಚ್ಚಾಗಿ ಹೋಗುವ ಚಳಿಗಾಲದಲ್ಲಿ ಸಂಜೆ ಐದು, ಐದೂಕಾಲರ ಹೊತ್ತಿಗೆ ಅಲ್ಲಿ ಹೊತ್ತು ಮುಳುಗುತ್ತದೆ. ಊರಿನ ಅಭ್ಯಾಸದಂತೆ ಒಂದೂವರೆಗೆ ಊಟಕ್ಕೆ ಕೂತು, ಪಾತ್ರೆ ಬೆಳಗಿ, ಮನೆ ಬೀಗ ಹಾಕುವಾಗ ಮೂರು ಗಂಟೆಯಾದರೆ, ಹ್ಯಾವ್‌ಲಾಕಿನ ರಾಧಾನಗರದ ಕಡಲತೀರಕ್ಕೆ ಹೋಗಿ ಬಟ್ಟೆ ಬದಲಿಸುವ ವೇಳೆಗೆ ಉಳಿಯುವ ಬೆಳಕು ಒಂದೂವರೆ ಗಂಟೆಯೂ ಇರುವುದಿಲ್ಲ. ಬೆಳಗಿನ ತಿಂಡಿಯ ಕಥೆಯೂ ಅಷ್ಟೇ. ಬೆಳಿಗ್ಗೆಯೇ ಹೊರಡುವ ದೋಣಿ ಇಡ್ಲಿ ಬೇಯುವ ತನಕ ಕಾಯುವುದಿಲ್ಲ. ರಾತ್ರಿಯ ಮಾತು ಬೇರೆ. ಆರು ಗಂಟೆಗೆ ಕತ್ತಲಾದ ಮೇಲೆ ಸಣ್ಣ ದ್ವೀಪದಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇಲ್ಲ, ಆಗ ಒಂದು ಗಂಟೆ ಅಡುಗೆಗೆ ಕೊಟ್ಟರೆ ಕಳೆದುಕೊಂಡದ್ದು ಅತ್ಯಲ್ಪ. ಹೀಗೆ ಗಂಟೆಗೆ ಗಂಟೆ ಸಮವಲ್ಲದಿರುವುದರಿಂದ ತರ್ಕಕ್ಕೆ ಒಪ್ಪುವ ಏರ್ಪಾಡೆಂದರೆ ತಿಂಡಿ, ಮಧ್ಯಾಹ್ನದ ಊಟ ಹೊರಗೆ, ರಾತ್ರಿಯ ಅನ್ನ ಸಾರು ಮನೆಯಲ್ಲಿ. ಹಾಗೆ ಮಾಡಿದರೆ ಮೇಲಿನ ಅಂಕಿಗಳಲ್ಲಿ ಬಾಡಿಗೆ 6,000, ತಿಂಡಿ 600, ಊಟ 1,200, ರಾತ್ರಿಯ ಸಾಮಾನು 450, ಒಟ್ಟು 8,250. ಹೋಟೆಲಿಗಿಂತ 350 ಹೆಚ್ಚು! ಅಂದರೆ ಅಡುಗೆಮನೆಯನ್ನು ವಿವೇಕದಿಂದ ಬಳಸಿದ ಕುಟುಂಬಕ್ಕೆ ಅದು ಉಳಿತಾಯವಲ್ಲ, ಹಣ ಕೊಟ್ಟು ಕೊಂಡ ಅನುಕೂಲ. ಆ ಅನುಕೂಲ 350ಕ್ಕೆ ತಕ್ಕುದೇ ಎಂದು ಕೇಳುವುದು ಅರ್ಥವುಳ್ಳ ಪ್ರಶ್ನೆ. ಅಗ್ಗವೆಂದು ಹೇಳಿಕೊಂಡಾಗ ಆ ಪ್ರಶ್ನೆ ಏಳುವುದೇ ಇಲ್ಲ.

ಮೂರನೆಯದು ಹಿರಿಯರ ಆಕ್ಷೇಪ. ಹಿಂದಿನವರು ಕಾಶಿ ರಾಮೇಶ್ವರಗಳಿಗೆ ಹೀಗೆಯೇ ಬೇಯಿಸಿಕೊಂಡು ಹೋಗಿಬರಲಿಲ್ಲವೇ? ಹೋಗಿಬಂದರು, ಆದರೆ ಹೀಗೆಯೇ ಅಲ್ಲ. ಹಳೆಯ ಯಾತ್ರೆ ಒಂದು ಕುಟುಂಬದ್ದಲ್ಲ, ಒಂದು ಗುಂಪಿನದು. ನೀರು ತರುವವರು, ಸೌದೆ ಒಟ್ಟುವವರು, ತರಕಾರಿ ಹೆಚ್ಚುವವರು ಬೇರೆ ಬೇರೆ. ಅನುಕೂಲಸ್ಥರ ಗುಂಪಾದರೆ ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುತ್ತಿದ್ದರು, ಇಂದಿಗೂ ಯಾತ್ರೆಯ ಬಸ್ಸುಗಳಲ್ಲಿ ಒಬ್ಬ ಅಡುಗೆಯವನೂ ಅವನ ದೊಡ್ಡ ಪಾತ್ರೆಗಳೂ ಇರುವುದುಂಟು. ದಾರಿಯುದ್ದಕ್ಕೂ ಛತ್ರಗಳಿದ್ದವು, ತಂಜಾವೂರಿನ ಮರಾಠ ಅರಸರು ರಾಮೇಶ್ವರದ ಮಾರ್ಗದಲ್ಲಿ ಕಟ್ಟಿಸಿದವೇ ಹಲವು. ಧರ್ಮಸ್ಥಳ, ಶೃಂಗೇರಿ, ಹೊರನಾಡುಗಳ ಸುತ್ತಾಟಕ್ಕೆ ಇಂದಿಗೂ ಒಲೆ ಬೇಡ, ಹೋದಲ್ಲೆಲ್ಲ ಎಲೆ ಹಾಕುತ್ತಾರೆ. ನಲವತ್ತು ಮಂದಿಗೆ ಬೇಯಿಸುವಲ್ಲಿ ತಲೆಗೆ ತಗಲುವ ದುಡಿಮೆ ಆರು ಮಂದಿಗೆ ಬೇಯಿಸುವುದರ ಅರ್ಧವೂ ಇರುವುದಿಲ್ಲ, ಅದೂ ಹತ್ತು ಕೈಗಳಲ್ಲಿ ಹಂಚಿಹೋಗುತ್ತದೆ. ಅಪಾರ್ಟ್‌ಮೆಂಟಿನ ಕುಟುಂಬ ಆ ಪದ್ಧತಿಯಿಂದ ಒಲೆಯನ್ನು ಮಾತ್ರ ಎತ್ತಿಕೊಂಡು ಗುಂಪನ್ನು ಬಿಟ್ಟು ಬಂದಿದೆ. ಹಳೆಯದನ್ನು ಹೊಸ ವಾಹನಕ್ಕೆ ಹಾಗೆಯೇ ಹೊತ್ತೊಯ್ದರೆ ಆಗುವ ಅನಾಹುತಕ್ಕೆ ದಾರುಣವಾದ ನಿದರ್ಶನವೂ ಇದೆ. 26 ಆಗಸ್ಟ್ 2023ರಂದು ಲಖನೌದಿಂದ ಹೊರಟ ಯಾತ್ರಿಕರ ರೈಲುಬೋಗಿ ಮದುರೈ ನಿಲ್ದಾಣದ ಬಳಿ ನಿಂತಿದ್ದಾಗ, ನಿಯಮ ಮೀರಿ ಒಳಗೆ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು.

ಆರೋಗ್ಯದ ವಾದವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಹಣದ ಲೆಕ್ಕ ಬಿದ್ದರೂ ಅದು ನಿಲ್ಲಬಲ್ಲದು. ಎಣ್ಣೆ, ಉಪ್ಪು, ಖಾರ ಎಷ್ಟು ಎಂಬುದು ಮನೆಯವರ ಕೈಯಲ್ಲಿರುತ್ತದೆ, ಹೊತ್ತಿಗೆ ಸರಿಯಾಗಿ ಉಣ್ಣಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಪ್ರವಾಸದಲ್ಲಿ ಹೊಟ್ಟೆ ಕೆಡಲು ಅಡುಗೆಯವರ ಕೈಗಿಂತ ನೀರೇ ಎಷ್ಟೋ ಸಲ ಕಾರಣ. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಹಲ್ಲು, ಮೂಳೆ ಕೆಡುವುದನ್ನು ಕಂಡು, ಕುಡಿಯುವುದಕ್ಕೆ ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ನೀರು ತರುವ ಸೀಮೆ ಅದು. ಸಣ್ಣ ದ್ವೀಪಗಳ ಸಿಹಿನೀರೂ ಅಷ್ಟೇ ನಾಜೂಕಾದದ್ದು. ನೆಲದಡಿಯಲ್ಲಿ ಮಳೆ ನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ, ಬೇಸಿಗೆಯಲ್ಲಿ ಎಳೆದಷ್ಟೂ ಸವುಳಾಗುತ್ತದೆ. ಬಾಡಿಗೆ ಮನೆಯ ತೊಟ್ಟಿಯ ನೀರಿನಲ್ಲಿ ತೊಳೆದ ಸೌತೆಕಾಯಿ, ಹೋಟೆಲಿನಲ್ಲಿ ಕುದಿದ ಸಾರಿಗಿಂತ ಸುರಕ್ಷಿತವೆಂದು ಹೇಳಲು ಆಧಾರವಿಲ್ಲ. ಶುಚಿ ಎಂಬುದಕ್ಕೆ ಮಡಿಯ ಅರ್ಥ ಹಿಡಿಯುವವರ ವಾದವಂತೂ ಇನ್ನೂ ಸಡಿಲ. ಹೋಟೆಲಿನ ಪಾತ್ರೆಯಲ್ಲಿ ಏನು ಬೆಂದಿತ್ತೋ ಎಂದು ಅನುಮಾನಿಸುವವರು, ಹಿಂದಿನ ವಾರ ಇನ್ನೊಂದು ಕುಟುಂಬ ಮೀನು ಹುರಿದ ಬಾಣಲೆಯಲ್ಲಿ ಒಗ್ಗರಣೆ ಹಾಕಲು ಹಿಂಜರಿಯುವುದಿಲ್ಲ. ಮಾಂಸಾಹಾರಿಗಳಿಗೆ ಲಾಭ ಹೆಚ್ಚೆಂದು ತೋರಬಹುದು, ತಾಜಾ ಮೀನು ಬಾಗಿಲಲ್ಲೇ ಇರುತ್ತದೆ. ಆದರೆ ಕೆರೆಮೀನಿಗೆ ಮಾತ್ರ ಒಗ್ಗಿದ ಕೈಗೆ ಕಡಲಮೀನು ಹೊಸದು. ಅದನ್ನು ಅಲ್ಲಿಯವರು ಮಾಡಿದ್ದನ್ನು ಉಣ್ಣುವುದರಲ್ಲೇ ಪ್ರವಾಸದ ಸ್ವಾರಸ್ಯವಿದೆ.

ಕೊನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಎಲ್ಲರೂ ಸೇರಿ ಅಡುಗೆ ಮಾಡುವುದೇ ಒಂದು ಖುಷಿ, ಅದನ್ನೂ ರೂಪಾಯಿಯಲ್ಲಿ ಅಳೆಯಬೇಕೇ? ಖುಷಿಯಾಗಿ ಮಾಡಿದ ಅಡುಗೆ ರೀಡ್ ಅವರ ಒರೆಗಲ್ಲಿನಲ್ಲಿ ಎರಡನೇ ಬಗೆಗೆ, ಅನುಭವದ ಸಾಲಿಗೆ ಸೇರಬಹುದು, ಹಾಗೆ ಸೇರಿದರೆ ಅದಕ್ಕೆ ಖರ್ಚು ಬರೆಯಬೇಕಾಗಿಲ್ಲ. ಆದರೆ ಅದು ಖುಷಿಯೋ ಹೊರೆಯೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಒಂದು ದಿನ ಅಡುಗೆ ಮಾಡದೆ ಕೂತರೆ ಯಾರಾದರೂ ‘ಇವತ್ತು ಊಟ ಏನು’ ಎಂದು ಒಬ್ಬರನ್ನೇ ನೋಡಿ ಕೇಳುತ್ತಾರೆಯೇ? ಕೇಳಿದರೆ ಅದು ಖುಷಿಯಲ್ಲ, ನೌಕರಿ. ‘ಎಲ್ಲರೂ ಸೇರಿ’ ಎಂಬುದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಗಂಡಸರು ಒಂದು ಸಂಜೆ ಈರುಳ್ಳಿ ಹೆಚ್ಚಿಕೊಟ್ಟದ್ದು ಊರಿಗೆ ಬಂದ ಮೇಲೂ ನೆನಪಿನಲ್ಲಿ ಉಳಿಯುತ್ತದೆ. ಉಳಿದೆಲ್ಲ ಹೊತ್ತಿನ ಅಡುಗೆಯನ್ನು ಯಾರೂ ನೆನೆಯುವುದಿಲ್ಲ, ಏಕೆಂದರೆ ಅದು ನಡೆದದ್ದೇ ಗಮನಕ್ಕೆ ಬಂದಿರುವುದಿಲ್ಲ.

ಹಾಗಾದರೆ ದ್ವೀಪದಲ್ಲಿ ಅಡುಗೆಮನೆ ಯಾರಿಗೆ, ಯಾವಾಗ ತಕ್ಕುದು? ಮೇಲಿನ ವಿಚಾರದಿಂದ ಹೊರಡುವ ಸಂದರ್ಭಗಳು ಇಷ್ಟು.

1. ವಾಸ ದೀರ್ಘವಾದಾಗ. ಹವಾಯಿಯ ಮಾವಿ ದ್ವೀಪದ ಕಾಂಡೋಗಳಲ್ಲಿ ಎಷ್ಟು ದಿನ ಇದ್ದರೂ ಮನೆ ಶುಚಿಮಾಡುವ ಶುಲ್ಕ ಸಾಮಾನ್ಯವಾಗಿ ಒಂದೇ ಸಲ ಬೀಳುತ್ತದೆ. ಮೂರು ದಿನ ಇರುವವರಿಗೆ ಅದು ಭಾರ, ಹತ್ತು ದಿನ ಇರುವವರಿಗೆ ಹಗುರ. ಎಣ್ಣೆ, ಉಪ್ಪು, ಸಾಸಿವೆಗಳ ಉಳಿಕೆಯೂ ಹಾಗೆಯೇ ಹಂಚಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬ ರೈಸ್ ಕುಕ್ಕರು, ಸಾರಿನಪುಡಿ ಒಯ್ದು ಮಾವಿಯಲ್ಲಿ ಹತ್ತು ದಿನ ಇರುವುದಕ್ಕೂ ಹೊಸಕೋಟೆಯ ಕುಟುಂಬ ಹ್ಯಾವ್‌ಲಾಕಿನಲ್ಲಿ ಮೂರು ದಿನ ಇರುವುದಕ್ಕೂ ಒಂದೇ ಸಲಹೆ ಸಲ್ಲದು. ಆದರೂ ಅಲ್ಲಿಯೂ ಆಹಾರದ ಬಹುಪಾಲು ಹೊರಗಿನಿಂದಲೇ ಬರಬೇಕು, ಅಮೆರಿಕದ ಹಲವು ರಾಜ್ಯಗಳಲ್ಲಿ ಇಲ್ಲದ ತೆರಿಗೆ ಹವಾಯಿಯಲ್ಲಿ ದಿನಸಿಯ ಮೇಲೂ ಉಂಟು ಎಂಬುದನ್ನು ಮರೆಯುವಂತಿಲ್ಲ.

2. ಮಂದಿ ಹೆಚ್ಚಾದಾಗ. ಎರಡು ಮೂರು ಕುಟುಂಬಗಳು ಸೇರಿ ಒಂದು ದೊಡ್ಡ ಮನೆ ಹಿಡಿದರೆ ತಲೆಗೆ ಬಾಡಿಗೆ ಇಳಿಯುತ್ತದೆ, ಅಡುಗೆಯ ಹೊತ್ತು ಮಂದಿ ಏರಿದಷ್ಟು ಏರುವುದಿಲ್ಲ. ಸರದಿಯನ್ನು ಊರಿನಲ್ಲೇ ಗೊತ್ತುಮಾಡಿಕೊಂಡಿದ್ದರೆ ಇದು ಹಳೆಯ ಯಾತ್ರೆಯ ಗುಂಪಿಗೆ ಹತ್ತಿರ ಬರುತ್ತದೆ. ಗೊತ್ತುಮಾಡಿಕೊಳ್ಳದಿದ್ದರೆ ಮನೆಯ ಕಿರಿಯ ಸೊಸೆಯ ಪಾಲಿಗೆ ಆರರ ಬದಲು ಹದಿನಾರು ಮಂದಿಯ ಪಾತ್ರೆ ಬೀಳುತ್ತದೆ.

3. ಹಸುಗೂಸು, ಪಥ್ಯದವರು ಇದ್ದಾಗ. ಇವರಿಗೆ ಬೇಕಾದದ್ದು ಗಂಜಿ, ಬಿಸಿನೀರು, ರಾತ್ರಿ ಹನ್ನೊಂದಕ್ಕೆ ಒಂದು ಲೋಟ ಹಾಲು. ಅದಕ್ಕೆ ಪೂರ್ತಿ ಅಡುಗೆಮನೆ ಬೇಕಿಲ್ಲ, ಹೋಟೆಲಿನ ಕೋಣೆಯಲ್ಲಿ ಒಂದು ವಿದ್ಯುತ್ ಕೆಟಲ್, ಸಣ್ಣ ಫ್ರಿಜ್ ಇದ್ದರೆ ಸಾಕು. ಅಡುಗೆಮನೆಗೆ ಕೊಡುವ ಕಾರಣಗಳಲ್ಲಿ ಅರ್ಧದಷ್ಟು ಇಲ್ಲಿಗೇ ತೀರುತ್ತವೆ.

4. ಅಡುಗೆಗೆ ಸ್ಥಳೀಯರು ಸಿಗುವಾಗ. ಹೋಮ್‌ಸ್ಟೇಗಳಲ್ಲಿ ಮನೆಯೊಡತಿಯೇ ಹೇಳಿದಂತೆ ಬೇಯಿಸಿಕೊಡುವ ಏರ್ಪಾಡು ಕೆಲವೆಡೆ ಉಂಟು. ಅಕ್ಕಿ ಬೇಳೆ ತಮ್ಮದು, ರುಚಿ ಹೆಚ್ಚು ಕಡಿಮೆ ತಮ್ಮದು, ಹೊತ್ತು ತಮ್ಮದು, ಕೈ ಮಾತ್ರ ಬೇರೆಯವರದು. ಆಗ ಅಷ್ಟು ಹೊತ್ತೂ ಸೊನ್ನೆಯಾಗಿದ್ದ ಸಾಲಿಗೆ ಒಂದು ಅಂಕಿ ಬರುತ್ತದೆ. ಮೇಲಿನ ಉದಾಹರಣೆಯ ದಿನಕ್ಕೆ 600 ರೂಪಾಯಿ ಹೆಚ್ಚು ಕಡಿಮೆ ಆ ಕೂಲಿಗೇ ಸಲ್ಲುತ್ತದೆ, ಒಟ್ಟು ಖರ್ಚು ಹೋಟೆಲಿನ ಖರ್ಚಿಗೆ ಬಂದು ನಿಲ್ಲುತ್ತದೆ.